ಬಟವಾಡೆ

ಮಂಡಕ್ಕಿ ಭಟ್ಟಿಯ ಮೇಲೆ ತಗಡಿನ ಕೋಣೆ.
ಕೆಳಗೆ ಒಲೆ ಆರಿ ಎರಡು ತಾಸು,
ಬಾಣಲೆಯ ಮರಳಿಗೆ ಇನ್ನೂ ನಿದ್ದೆ ಇಲ್ಲ.
ಕೀಬೋರ್ಡಿನ ಸಂದಿಗೆ ಹೊಟ್ಟಿನ ಧೂಳು ಇಳಿದು
ಸ್ಪೇಸ್ ಒತ್ತಿದಾಗಲೆಲ್ಲ ಕರಕ್ ಅನ್ನುತ್ತದೆ.

ಹೋದ ಶನಿವಾರದ ಬಟವಾಡೆಯಲ್ಲಿ
ಎರಡು ಸಾವಿರದ ನಾನೂರ ಅರವತ್ತು ರೂಪಾಯಿ ಮಿಕ್ಕಿತು.
ಕಡಿಮೆ ಬಿದ್ದಿದ್ದರೆ ಚಮನ್‌ಸಾಬರು ಬೈದು ಮುಗಿಸುತ್ತಿದ್ದರು.
ಮಿಕ್ಕ ದುಡ್ಡನ್ನು ಬೈಯುವುದು ಹೇಗೆ?
ಹಳೇ ಪೇಪರಿನಲ್ಲಿ ಸುತ್ತಿ
ನನ್ನ ಮೇಜಿನ ಮೇಲಿಟ್ಟು ಹೋದರು:
"ಯಾರೋ ಬರಿಗೈಲಿ ಮನೆಗೆ ಹೋಗ್ಯಾರೆ, ತಿಪ್ಪೇಶಿ.
ಯಾರು ಅಂತ ನಿನ್ನ ಮಿಷನ್ನನ್ನೇ ಕೇಳು."

ಕೇಳಿದೆ. ಪಟ್ಟಿ ತೋರಿಸು ಅಂದೆ.
ತೋರಿಸಿತು ಇಪ್ಪತ್ತಮೂರು ಸಾಲು:
ಸೊನ್ನೆ ಎಕ್ಸ್ ಸಿ ಸೊನ್ನೆ ಸೊನ್ನೆ ಸೊನ್ನೆ ಒಂದು ನಾಲ್ಕು
ಸೊನ್ನೆ ಎಕ್ಸ್ ಸಿ ಸೊನ್ನೆ ಸೊನ್ನೆ
ಸೊನ್ನೆ ಎಕ್ಸ್
ಹೀಗೇ ಕೆಳಗಿನ ತನಕ.
ಹೆಂಗಸರೆಲ್ಲ ಎಲ್ಲಿ ಹೋದರು?
ನಾನು ಆಳನ್ನು ಕೇಳಿದರೆ
ಅದು ಆಳಿರುವ ಓಣಿಯ ಕದದ ನಂಬರು ಒಪ್ಪಿಸುತ್ತಿದೆ,
ಭಾಳ ನಿಯತ್ತಿನಿಂದ.

ತಪ್ಪು ಅದರದ್ದಲ್ಲ.
ಪಟ್ಟಿಯೊಳಗೆ ನಾನು ಜೋಡಿಸಿಟ್ಟಿದ್ದು ಬೆರಳು, ಆಳಲ್ಲ.
ಅಗೋ ಅಲ್ಲಿ, ಅಗೋ ಅಲ್ಲಿ ಅನ್ನುವ
ಇಪ್ಪತ್ತಮೂರು ಬೆರಳು.

ಹಾಜರಿ ಬರೆಯುವ ಮುಬೀನಾ ಚಹಾ ತಂದವಳು
ಪರದೆ ನೋಡಿ ನಕ್ಕಳು:
"ಇದೇನಣ್ಣ, ಕರೆಂಟು ಬಿಲ್ಲಿನ ಆರ್‌ಆರ್ ನಂಬರಾ?"

ಒಂದೊಂದೇ ಬಾಗಿಲು ತಟ್ಟಬೇಕು.
ಮುಂದೊಂದು ನಕ್ಷತ್ರ ಇಟ್ಟರೆ ಸಾಕು,
ಬೆರಳು ತೋರಿದಲ್ಲಿಗೆ ನಡೆದು ಹೋಗಿ ಕದ ತೆಗೆಯುತ್ತದೆ.
ಎಂಟು ಕದ ತೆಗೆಯಿತು.
ಒಂಬತ್ತಕ್ಕೆ ಇಡೀ ಪ್ರೋಗ್ರಾಮು ಮುಗ್ಗರಿಸಿ ಬಿತ್ತು.
ಅಲ್ಲಿ ಮನೆಯೇ ಇಲ್ಲ.
ಬೆರಳು ಬರೀ ಬಯಲಿಗೆ ತೋರಿಸುತ್ತಿದೆ.
"ಅದು ಗೌಸಿಯಾಂದು. ಸೋಮವಾರ ಬಿಟ್ಲಲ್ಲ,
ಹೆರಿಗೆಗೆ ಹೊನ್ನಾಳಿಗೆ ಹೋದ್ಲು" ಅಂದಳು ಮುಬೀನಾ.
ಹಂಗಾದರೆ ಮೊದಲು ಕೇಳಬೇಕು, ಯಾರಾದರೂ ಇದ್ದೀರಾ ಅಂತ.
ಇದ್ದರೆ ಮಾತ್ರ ಒಳಗೆ ಕಾಲಿಡಬೇಕು.
ಚಿಕ್ಕಂದಿನಲ್ಲೇ ಕಲಿತ ಮರ್ಯಾದೆ,
ಕೋಡಿನಲ್ಲಿ ಬರೆಯಲು ಮರೆತಿದ್ದೆ.

ಬರೆದೆ. ಹೆಸರು ಬಂದವು.
ಶಾಂತವ್ವ, ಮೂರನೇ ಒಲೆ, ಐದು ದಿನ.
ಹಸೀನಾಬಾನು, ಜರಡಿ, ಆರು ದಿನ, ಮುಂಗಡ ಇನ್ನೂರು.
ದುರುಗಮ್ಮ, ಭತ್ತ ನೆನೆಸುವುದು, ಮೂರೂವರೆ.
ಓದಲಿಕ್ಕೆ ಬರುವ ಸಾಲು!
ಚಹಾ ಆರಿದ್ದು ಗೊತ್ತಾಗಲಿಲ್ಲ.

ಕೊನೆಯಲ್ಲಿ
ಜೈತೂನಬಿ, ಚೀಲ ಹೊಲಿಯುವುದು, ಆರು ದಿನ, ನಾನೂರ ಹತ್ತು.
ಜೈತೂನಬಿ, ಚೀಲ ಹೊಲಿಯುವುದು, ಆರು ದಿನ, ನಾನೂರ ಹತ್ತು.

ಎರಡು ಸಲ ಬಂದದ್ದನ್ನು ಒಂದು ಮಾಡುವ ಸಾಲೊಂದನ್ನು
ಹೋದ ತಿಂಗಳು ನಾನೇ ಬರೆದಿದ್ದೆ, ಜಾಣ.
ಈಗಲೂ ಬೆರಳು ಅಳಿಸುವ ಕೀಲಿಯ ಮೇಲೇ ಇತ್ತು.
ಏನನ್ನಿಸಿತೋ,
ಆಗಲೇ ಬೈದು ಆಚೆಗಟ್ಟಿದ್ದ ಆ ನಂಬರನ್ನು ವಾಪಸು ಕರೆದು
ಹೆಸರಿನ ಪಕ್ಕ ಕೂರಿಸಿದೆ.
ಒಂದರ ಬಾಲ ಎಂಟು ಸೊನ್ನೆ.
ಇನ್ನೊಂದರ ಬಾಲ ಸಿ ಸೊನ್ನೆ.

ಬೇರೆ ಕದ.

ಮುಬೀನಾ ಲೋಟ ಕೆಳಗಿಟ್ಟಳು.
"ಒಬ್ಬಾಕೆ ಬಾಷಾನಗರದೋಳು, ಹಳಬಳು.
ಇನ್ನೊಬ್ಬಾಕೆ ಹರಪನಹಳ್ಳಿ ಕಡೆಯೋಳು, ಮೊನ್ನೆ ಸೇರಿದ್ಲು.
ಹೊಸಬರದು ಒಂದು ವಾರ ಹಿಡ್ಕಂತಾರೆ ಅಂತ ಯಾರೋ ಅಂದ್ರಂತೆ.
ಏನೂ ಕೇಳದೆ ಹೋದ್ಲು."

ಪೇಪರು ಬಿಚ್ಚಿ ಇಬ್ಬರೂ ಎಣಿಸಿದೆವು.
ಕವರಿನ ಮೇಲೆ ಜೈತೂನಬಿ ಅಂತ ಬರೆದು ನಿಂತೆ.
ಬರೆದರೆ ಮತ್ತೆ ಅದೇ ಆಯಿತಲ್ಲ,
ಯಾವ ಜೈತೂನಬಿ?
ಸೊನ್ನೆ ಎಕ್ಸ್ ಬರೆದರೆ ಆಕೆಗೆ ಗೊತ್ತಾಗುವುದಿಲ್ಲ;
ಮಿಷನ್ನು ಆರಿಸಿ ಹಚ್ಚಿದರೆ ನಾಳೆ ಅದಕ್ಕೂ ಗೊತ್ತಾಗುವುದಿಲ್ಲ.

ಮುಬೀನಾ ಪೆನ್ನು ಕಸಿದುಕೊಂಡು
ಹೆಸರಿನ ಕೆಳಗೆ, ಗುಂಡಗೆ, ಬರೆದಳು:
ಎಡಗೈಲಿ ದಬ್ಬಣ ಹಿಡಿಯೋಳು.