ತಲೆಯ ಮೇಲಿನ ಕೊಡ

ಶಿಡ್ಲಘಟ್ಟ, ಗೂಡಿನ ಮಾರುಕಟ್ಟೆಯ ಹಿಂದಿನ ಓಣಿ,
ನಾಲ್ಕನೇ ತರಗತಿ, ಮೂವತ್ತೊಂದು ಮಕ್ಕಳು.
ಮನೆಯಲ್ಲಿ ತೆಲುಗು, ಇಲ್ಲವೇ ದಖನಿ;
ನನ್ನೆದುರು ಮಾತ್ರ ಕನ್ನಡ, ಅದೂ ಇಸ್ತ್ರಿ ಹಾಕಿದ್ದು.
ಓದುತ್ತಾರೆ. ಓದುವುದೆಂದರೆ ಹೇಗೆ!
ಅಲ್ಪವಿರಾಮದಲ್ಲೂ ಉಸಿರು ಬಿಡದೆ
ಚಿಂತಾಮಣಿ ಬಸ್ಸು ಬ್ರೇಕಿಲ್ಲದೆ ಇಳಿದ ಹಾಗೆ:

"ಮಧ್ಯಾಹ್ನ ಅಜ್ಜಿ ಬಾವಿಯಿಂದ ಮರಳಿದಳು.
ತಲೆಯ ಮೇಲೆ ಕೊಡ.
ಕೊಡದಲ್ಲಿ ನೀರಿರಲಿಲ್ಲ.
ಅಜ್ಜಿ ನಕ್ಕಳು."

ಎಲ್ಲಿಂದ ಮರಳಿದಳು? ಬಾವಿಯಿಂದ.
ಯಾವಾಗ? ಮಧ್ಯಾಹ್ನ.
ಏನಿರಲಿಲ್ಲ? ನೀರು.
ಭೇಷ್. ಹತ್ತಕ್ಕೆ ಹತ್ತು.
ಒಂಬತ್ತು ವರ್ಷ ಹೀಗೇ ಹಂಚಿದ್ದೇನೆ
ಕೆಂಪು ಶಾಯಿಯ ಅಂಕ, ಪ್ರಸಾದದ ಕಡಲೆಯಂತೆ.

ಒಂದು ಶುಕ್ರವಾರ, ಯಾಕೋ, ಹಲಗೆಯ ಮೇಲೆ ಬರೆದೆ:
"ಡೊಗಳೆ ಪಿಮ್ಮೆಯನ್ನು ಸರಸರ ಗಬ್ಬಳಿಸಿತು."
ಯಾವುದು ಗಬ್ಬಳಿಸಿತು?
ಮೂವತ್ತು ಕೈ ಮೇಲೆ: ಡೊಗಳೆ, ಮಿಸ್!
ಏನನ್ನು? ಪಿಮ್ಮೆಯನ್ನು!
ಹೇಗೆ? ಸರಸರ!
ಹತ್ತಕ್ಕೆ ಹತ್ತು.
ಸೀಮೆಸುಣ್ಣ ಬೆರಳಲ್ಲೇ ತಣ್ಣಗಾಯಿತು.
ಡೊಗಳೆ ಅಂದರೇನು ಅಂತ ಒಬ್ಬರೂ ಕೇಳಲಿಲ್ಲ.
ಕೇಳಬಹುದು ಅಂತ
ನಾನು ಯಾವತ್ತು ಹೇಳಿದ್ದೆ?

ಇಲ್ಲದ ಆ ಮೂವತ್ತೊಂದನೇ ಕೈ ಮುಬೀನಾಳದು.
ಶನಿವಾರ ಹುಡುಕಿಕೊಂಡು ಹೋದೆ.
ಶೀಟಿನ ಮನೆ, ಆವಿ, ಬೆಂದ ಹುಳುವಿನ ವಾಸನೆ;
ತಮ್ಮನ ತೊಟ್ಟಿಲು ತೂಗುತ್ತಾ ಕೂತಿದ್ದಳು ಹುಡುಗಿ.
ತಾಯಿ ಹಾಜಿರಾಬಿ ಕುದಿನೀರಿನ ಬಾಂಡ್ಲಿಯಲ್ಲಿ
ತೇಲುವ ಗೂಡುಗಳನ್ನು ಕಡ್ಡಿಯಿಂದ ಸವರುತ್ತಿದ್ದಳು.
ಮೊದಲು ಬಂದದ್ದೆಲ್ಲ ಬರೀ ಸಿಕ್ಕು. ಅದನ್ನು ಬದಿಗೆಸೆದಳು.
"ಎಳೀಬಾರ್ದು ಮಿಸ್. ಎಳೆದ್ರೆ ಕಡಿಯುತ್ತೆ.
ತುದಿ ಸಿಗೋ ತನ್ಕ ಕಾಯ್ಬೇಕು."
ಅವಳು ಹೇಳಿದ್ದು ಗೂಡಿನ ಮಾತು.
ನನಗೆ ಪಾಠ ಹೇಳುವಷ್ಟು ಪುರುಸೊತ್ತು
ಅವಳಿಗೆಲ್ಲಿ?

ಸೋಮವಾರ ಒಂದೇ ಪ್ರಶ್ನೆ.
ಅಜ್ಜಿ ನಕ್ಕಳು. ಯಾಕೆ?

ಮೌನ. "ಯಾವ ಪುಟ ಮಿಸ್?" ಅಂದ ವೆಂಕಟರವಣ.
ಯಾವ ಪುಟದಲ್ಲೂ ಇಲ್ಲ ಕಣೋ.
ಒಳಗೊಳಗೇ ಎಣಿಸಿದೆ: ಐದು, ಆರು,
ಏಳಕ್ಕೆ ಬಾಯಿ ತುರಿಸಿತು, ನಾನೇ ಹೇಳಿಬಿಡಲೇ ಅಂತ.
ತುಟಿ ಕಚ್ಚಿದೆ.
"ಎಂದುಕು?" ಅಂದೆ, ಅವರ ಅಂಗಳದ ಮಾತಲ್ಲಿ.

ದಾರೀಲಿ ಕರು ಬಾಯಾರಿತ್ತು, ಕುಡಿಸಿಬಿಟ್ಲು.
ಇಲ್ಲ, ಬಾವಿ ಬತ್ತೋಗಿತ್ತು; ಅಳೋಕಾಗ್ದೆ ನಕ್ಲು,
ನಮ್ಮವ್ವನೂ ಹಂಗೇ.
ಕೊಡ ತೂತು!
(ಇದಕ್ಕೆ ದೊಡ್ಡ ನಗು.)
ಆಮೇಲೆ, ಗೋಡೆಗಾತು ಕೂತಿದ್ದ ಮುಬೀನಾ,
ಬೆಳಿಗ್ಗೆ ಐದಕ್ಕೆ ನಲ್ಲಿಯ ಸಾಲಲ್ಲಿ ನಿಲ್ಲುವವಳು:
"ಮಿಸ್, ಖಾಲಿ ಕೊಡಾನ ಯಾರೂ ತಲೆ ಮೇಲೆ ಇಕ್ಕಲ್ಲ.
ಸೊಂಟಕ್ಕೆ ಇಟ್ಕೊಂತಾರೆ.
ನೀರಿಲ್ಲ ಅಂತ ಬರ್ದವ್ರೆ.
ಖಾಲಿ ಅಂತ ಎಲ್ ಬರ್ದವ್ರೆ?"

ಪುಸ್ತಕಗಳು ಸರಬರ ತೆರೆದವು.
ಅದೇ ನಾಲ್ಕು ಸಾಲು. ಈ ಸಲ
ಒಂದೊಂದು ಪದದ ಕೆಳಗೂ ಬೆರಳು,
ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ.

ಹಾಗಾದರೆ ಅದರಲ್ಲಿ ಏನಿತ್ತು?
ಎಲ್ಲರೂ ನನ್ನ ಮುಖ ನೋಡಿದರು.
ನಾನು ಶಿಕ್ಷಕರ ಕೈಪಿಡಿ ನೋಡಿದೆ.
"ಗೊತ್ತಿಲ್ಲ" ಅಂದೆ, ಕುರ್ಚಿಯಿಂದೆದ್ದು,
ಒಂಬತ್ತು ವರ್ಷಕ್ಕೆ ಮೊದಲ ಸಲ.

ಬಿಸಿಯೂಟದ ಗಂಟೆ ಹೊಡೆಯಿತು, ಓಡಿದರು.
ಸಾರು ಸುರಿದ ತಟ್ಟೆ ಹಿಡಿದೂ ಜಗಳ:
ಬೆಕ್ಕಿನ ಮರಿ! ಅಲ್ಲ, ದುಡ್ಡು! ಅಲ್ಲ ಕಣೇ, ಹಾವು!
ಸಾಲಿನಿಂದ ಒಬ್ಬ ಮಾತ್ರ ಹಿಂದಕ್ಕೆ ಬಂದ,
ವೆಂಕಟರವಣ, ಬಾಗಿಲ ಚೌಕಟ್ಟು ಕೆರೆಯುತ್ತಾ:
"ಮಿಸ್, ಆವತ್ತು ಶುಕ್ರವಾರ ಬರ್ದಿದ್ರಲ್ಲ...
ಡೊಗಳೆ ಅಂದ್ರೇನು?"