ಒಂದು ಬೆರಳು ಸಂದು

ಗುತ್ತಲು ರಸ್ತೆಯ ತುದಿಗೆ, ಮರಿಯಾಚಾರ್ರ ಶೆಡ್ಡಿನಲ್ಲಿ
ಇಟ್ಟಿಗೆಗಳ ಮೇಲೆ ನಿಂತಿದೆ ನನ್ನ ಎಸ್ಟೀಮು,
ನೆರಿಗೆ ಎತ್ತಿ ಹಿಡಿದು ನಾಲೆ ದಾಟುವವಳಂತೆ.

ಹೊಸ ಚಕ್ರಗಳು ಗೋಡೆಗೊರಗಿವೆ.
ಹಳೆಯವಕ್ಕಿಂತ ಒಂದೂವರೆ ಇಂಚು ಅಗಲ.
ಮೈಸೂರಿನ ಬನ್ನಿಮಂಟಪದ ಗುಜರಿಯಲ್ಲಿ ಸಿಕ್ಕವು,
ಒಂದರ ಅಂಚಿಗೆ ಕಚ್ಚು ಬಿದ್ದಿದೆಯೆಂದು ಐನೂರು ಕಮ್ಮಿಗೆ.

"ಯಾಕ್ ಮೇಡಂ ಬೇಕು ಇವು?"
ತಿರುವಿನ ಹಿಡಿತ, ನೆಲಕ್ಕೆ ಕಚ್ಚಿಕೊಳ್ಳುವುದು
ಎಂದೇನೋ ಶುರುಮಾಡಿದೆ.
"ಚೆಂದಕ್ಕೆ ಅನ್ನಿ," ಅಂದರು ಆಚಾರ್ರು,
"ಚೆಂದಕ್ಕೆ ಅಂದ್ರೆ ತಪ್ಪೇನಿಲ್ಲ."

ದಿನವಿಡೀ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ
ಕಬ್ಬಿನ ಹಾಲಿನ ಸಿಹಿ ಅಳೆಯುವವಳು ನಾನು,
ದಶಮಾಂಶದ ಎರಡನೇ ಸ್ಥಾನದವರೆಗೆ.
ಅವರು ಟೈರಿಗೂ ಫೆಂಡರಿಗೂ ನಡುವೆ ಬೆರಳು ತೂರಿಸುತ್ತಾರೆ:
"ಇಲ್ಲಿ ಎರಡು. ಇಲ್ಲಿ ಒಂದೂಕಾಲು.
ಇಲ್ಲಿ ಉಗುರೂ ಹೋಗಲ್ಲ."

ಸ್ಪ್ರಿಂಗಿನ ಒಂದು ಸುತ್ತು ಕುಯ್ದರೆ ಗಾಡಿ ತಾನೇ ಕೂರುತ್ತೆ
ಎಂದವರು ಬೇಕಾದಷ್ಟಿದ್ದರು.
ಆಚಾರ್ರು ಒಪ್ಪಲಿಲ್ಲ.
"ಕುಯ್ದ ಸ್ಪ್ರಿಂಗು ಕುಡುಕನ ನಾಲಿಗೆ ಇದ್ದಂಗೆ,
ಯಾವಾಗ ಏನಂತದೋ."
ಕೊಯಮತ್ತೂರಿಂದ ಗಿಡ್ಡ ಸ್ಪ್ರಿಂಗು, ಬಿಗಿ ಶಾಕು
ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬಂದವು,
ಮಲ್ಲಿಗೆ ಬುಟ್ಟಿಗಳ ಜೊತೆ, ಘಮಘಮ.

ಇನ್ನು ಫೆಂಡರಿನ ಒಳತುಟಿ ಮಡಚಬೇಕು.
ಅದಕ್ಕೆಂದೇ ಒಂದು ಯಂತ್ರ ಬರುತ್ತದಂತೆ.
ಇಲ್ಲಿರುವುದು ಒನಕೆ,
ಅವರಮ್ಮ ಭತ್ತ ಕುಟ್ಟಿದ್ದು, ತುದಿಯ ಬಳೆ ಬಿಚ್ಚಿದ್ದು.
ಚಕ್ರ ತೊಡಿಸಿ, ಇಳಿಸಿ, ಸಂದಿಗೆ ಒನಕೆ ತೂರಿಸಿ
ಲಿಂಗರಾಜು ಗಾಡಿಯನ್ನು ಮೊಳದಷ್ಟು ಹಿಂದಕ್ಕೆ, ಮೊಳದಷ್ಟು ಮುಂದಕ್ಕೆ.
ಬಣ್ಣ ಸಿಡಿಯಬಾರದೆಂದು
ನಾನು ಹೇರ್ ಡ್ರೈಯರ್ ಹಿಡಿದು ತಗಡಿಗೆ ಕಾವು ಕೊಡುತ್ತಾ.
ತಗಡು ಒಳಕ್ಕೆ ಮಡಿಸಿಕೊಂಡಿತು
ವೀಳ್ಯದೆಲೆಯ ಹಾಗೆ, ಸದ್ದಿಲ್ಲದೆ.

ಹಿಂದಿನ ಎಡಗಡೆ ಮಾತ್ರ ಕೇಳಲಿಲ್ಲ.
ಚಟ್ ಅಂತು.
ಅರ್ಧ ಇಂಚು ದಪ್ಪದ ಪುಟ್ಟಿ
ಹಳೇ ಗೋಡೆಯ ಗಾರೆಯಂತೆ ಹಕ್ಕಳೆ ಹಕ್ಕಳೆಯಾಗಿ ಉದುರಿ
ಒಳಗೆ ಬರಿಮೈ ತಗಡು, ಸುತ್ತಿಗೆಯ ಗುಳಿಗಳು.

ಆಚಾರ್ರು ಕನ್ನಡಕ ಹಣೆಗೇರಿಸಿ ಅಂಗೈ ಆಡಿಸಿದರು.
ಗುಳಿಗಳೆಲ್ಲ ಒಂದೇ ಕಡೆಗೆ ವಾಲಿದ್ದವು.
ಅವರು ಎಡಚರು.
ಬೀಡಿ ಹಚ್ಚಿ, ಸೇದುವುದ ಮರೆತರು.

"ತೊಂಬತ್ತೊಂಬತ್ತು ಇರ್ಬೇಕು. ಬಿಳೇ ಗಾಡಿ ಆಗ.
ಮದ್ದೂರಿನ ತಾವ ಟ್ರ್ಯಾಕ್ಟರ್ ಉಜ್ಜಿತ್ತು.
ಸಂಜೆಯೊಳಗೆ ಬೇಕು ಅಂದ್ರು, ನಾನೋ ಹೊಸಬ.
ತಟ್ಟೋದ್ ಬಿಟ್ಟು ಮೆತ್ತಿಬುಟ್ಟೆ."

ಈಗಿದು ನೀಲಿ. ನಾನು ನಾಲ್ಕನೆಯ ಒಡತಿ.
ನನಗಿಂತ ಮುಂಚೆ ಮೂವರು
ಅವರ ಆ ಒಂದು ಸಂಜೆಯನ್ನು
ಹೊತ್ತು ತಿರುಗಿದ್ದಾರೆ, ಸಾಲದ ಚೀಟಿ ಓದದೆ.

ಎರಡು ದಿನ ತಟ್ಟಿದರು.
ಹಿಂದೆ ಮರದ ದಿಮ್ಮಿ, ಮುಂದೆ ಸಣ್ಣ ಸುತ್ತಿಗೆ,
ಗುಳಿಗೊಂದು ಪೆಟ್ಟು, ನಡುವೆ ನಿಂತು ಸವರುವುದು.
ಪುಟ್ಟಿಯ ಡಬ್ಬಿ ತೆರೆಯಲೇ ಇಲ್ಲ.
ಕೂಲಿಯಲ್ಲಿ ಅರ್ಧ ಬಿಟ್ಟರು.
ಉಳಿದರ್ಧ ಟ್ರ್ಯಾಕ್ಟರಿನವನ ತಪ್ಪು, ಅದನ್ನ ನೀವೇ ಕೊಡಿ, ಅಂದರು.

ಪರೀಕ್ಷೆಗೆ ಮಡಚಿದ ಅಂಚಿಗೆಲ್ಲ ಸೀಮೆಸುಣ್ಣ ಬಳಿದು
ಹಿಂದಿನ ಸೀಟಿಗೆ ಭಾರ ಹಾಕಿದೆವು:
ಲಿಂಗರಾಜು, ಕಟಿಂಗ್ ಶಾಪಿನ ನಂಜಪ್ಪ,
ಎಡಕ್ಕೆ ಟೀ ಅಂಗಡಿಯ ಜವರಮ್ಮ.
ನಾಲೆ ಏರಿ, ಮೂರು ಹಂಪು, ರೈಲ್ವೆ ಗೇಟು, ವಾಪಸು.

ಆಚಾರ್ರು ಮಣ್ಣಿಗೆ ಮಂಡಿಯೂರಿ
ಟೈರಿನ ಭುಜಕ್ಕೆ ಟಾರ್ಚು ಬಿಟ್ಟರು.
ಮೂರು ಚಕ್ರ ಕರಿ ಕರಿ.
ನಾಲ್ಕನೆಯದಕ್ಕೆ, ಹಿಂದೆ ಎಡಕ್ಕೆ, ಕೂದಲೆಳೆಯಷ್ಟು ಬಿಳಿ.

"ಇನ್ನೂ ತಾಕ್ತಾ ಇದೆಯಾ?" ಅಂದೆ.
"ಇಲ್ಲ," ಅಂದರು ಮೆಲ್ಲಗೆ, "ಅದು ಜವರಮ್ಮ."

ಜವರಮ್ಮ ಇಳಿದಿರಲಿಲ್ಲ.
ಕಿಟಕಿ ಪೂರ್ತಿ ಇಳಿಸಿ, ಮೊಣಕೈ ಹೊರಗಿಟ್ಟು,
"ಇನ್ನೊಂದ್ ಸುತ್ತು ಹೋಗ್ಬರಾಣ," ಅಂದಳು,
"ಅದೂ ಖಾತ್ರಿ ಆಗೋಗ್ಲಿ."