ಕಾಗದ ನೋಡುವಂತಿಲ್ಲ

ಕಾಲಾ ಘೋಡಾದ ಮ್ಯೂಸಿಯಮ್ಮಿನ ಕೌಂಟರಿನಲ್ಲಿ
ಫ್ಯಾಮಿಲಿ ಟಿಕೇಟೆಂದರೆ ಮೂವರಾದರೂ ಬೇಕು.
ನಾವಿಬ್ಬರೇ: ನಾನು, ಮಲ್ಹಾರ,
ಮತ್ತು ಕೋರ್ಟು ಬರೆದುಕೊಟ್ಟ ಭಾನುವಾರ,
ಹನ್ನೊಂದರಿಂದ ಐದರವರೆಗೆ.

"ಇನ್ನೊಬ್ಬರು?" ಅಂದಳು ಹುಡುಗಿ.
ಮಗ ನೆಲದ ಕರಿಬಿಳಿ ಚೌಕಗಳನ್ನು
ಒಂದು ಬಿಟ್ಟು ಒಂದು ತುಳಿಯುತ್ತಿದ್ದ.
ಹಿಂದೆ ಯಾರೋ ಕೆಮ್ಮಿ, "ನಾನಿದ್ದೇನಲ್ಲ" ಅಂದರು.
ಹೂವಿನ ಫ್ರಾಕು, ಗಂಡಸರ ವಾಚು, ಎಂಬತ್ತು ದಾಟಿದ ಧುನ್‌ಮಾಯ್,
ಗ್ರಾಂಟ್ ರೋಡಿನಿಂದ ಪ್ರತಿ ತಿಂಗಳೂ ಬಂದು
ಇಲ್ಲೊಂದು ಕುಟುಂಬ ಕೈಗಡ ತಗೋತಾರಂತೆ.
"ಮುಗಿದ ಮೇಲೆ ವಾಪಸ್ ಕೊಡ್ತೇನೆ, ಹೆದರಬೇಡಿ."
ನಾನೂ ಹಾಗೇ ತಂದದ್ದು, ಎನ್ನಲಿಲ್ಲ ನಾನು.

ಮೇಲಿನ ಕೋಣೆಯಲ್ಲಿ ಚಾಪೆ, ಇದ್ದಿಲು, ಅಂಟು, ಕಿರಿಚಾಟ.
ಗೋಡೆ ತುಂಬ ಯಾವುದೋ ಸಂಸ್ಥಾನದವರು, ಅವರ ಮೀಸೆ,
ನಾಲ್ಕು ತಲೆಮಾರು ಒಂದೇ ಚೌಕಟ್ಟಿನಲ್ಲಿ,
ಯಾರಿಗೂ ಎಲ್ಲಿಗೂ ಹೋಗುವ ಅವಸರವಿಲ್ಲ.
ಕಲಿಸುವ ಹುಡುಗ ಚಪ್ಪಾಳೆ ತಟ್ಟಿ ಅಂದ:
"ಪಕ್ಕದವರ ಮುಖ ಬಿಡಿಸಿ.
ಕಾಗದ ನೋಡುವಂತಿಲ್ಲ, ಕೈ ಎತ್ತುವಂತಿಲ್ಲ.
ಕಣ್ಣು ಹೋದಲ್ಲಿ ಇದ್ದಿಲು ಹೋಗಲಿ."

ನಾನು ಮಗನನ್ನು, ಮಗ ಮುದುಕಿಯನ್ನು, ಮುದುಕಿ ನನ್ನನ್ನು.

ಹದಿನೆಂಟು ವರ್ಷದಿಂದ ಫೋರ್ಟಿನ ಕನ್ನಡಕದಂಗಡಿಯಲ್ಲಿ
ಕಣ್ಣಿನದೇ ಕೆಲಸ ನನಗೆ.
ಕಣ್ಣಗೊಂಬೆಯಿಂದ ಕಣ್ಣಗೊಂಬೆಗೆ ಸ್ಕೇಲು ಹಿಡಿದು
ಅರವತ್ತೆರಡು, ಅರವತ್ತೈದು ಎಂದು ಬರೆದುಕೊಂಡು
ಮುಂದಿನವರು ಬನ್ನಿ ಅನ್ನುವವನು.
"ನೀ ನನ್ನ ನೋಡೋದೇ ಇಲ್ಲ" ಅಂದಿದ್ದಳು
ಇವನ ತಾಯಿ, ಒಂದು ರಾತ್ರಿ.
"ಅರವತ್ತೊಂದು" ಅಂದಿದ್ದೆ, ನಗಲೆಂದು.
ನಗಲಿಲ್ಲ.

ಮಲ್ಹಾರನದು ಹೋದ ದೀಪಾವಳಿಗೆ ಐವತ್ನಾಲ್ಕು.
ಈಗ ಸ್ಕೇಲಿಲ್ಲ,
ಆದರೂ ಕಂಡಿತು, ಎರಡು ಕಣ್ಣಿನ ನಡುವೆ
ಕೂದಲೆಳೆಯಷ್ಟು ಜಾಗ ಹೊಸದು.
ಸೋಮವಾರದಿಂದ ಶನಿವಾರದವರೆಗಿನ ದಿನಗಳೆಲ್ಲ
ಅಲ್ಲಿ ಬಂದು ಕೂತಿವೆ, ಹುಬ್ಬಿನ ಕೆಳಗೆ, ಒತ್ತೊತ್ತಾಗಿ.
ಹಾಲುಹಲ್ಲು ಬಿದ್ದ ಕಡೆ ಅರ್ಧ ಬಂದ ಹಲ್ಲು.
ಗದ್ದದಡಿ ಒಂದು ಗೀರು.
ಬಿದ್ದದ್ದೆಲ್ಲಿ, ಅರಿಶಿನ ಒತ್ತಿದ್ದು ಯಾರು,
ಕೇಳಲೆಂದು ಬಾಯಿ ತೆರೆದರೆ,
"ಬಾಬಾ, ಹಲೂ ನಕೋ! ಅಲ್ಲಾಡಬೇಡ,
ಅಜ್ಜಿ ಈಗ ನಿನ್ನ ಮೂಗಿನಲ್ಲಿದ್ದಾಳೆ."

ಸರಿ, ಸುಮ್ಮನಾದೆ. ನೋಡುವುದೊಂದೇ ಉಳಿಯಿತು.

ಆಮೇಲೆ ಕಾಗದ ನೋಡಿದೆವು.
ನಾನು ಬರೆದ ಮಗನ ಒಂದು ಕಣ್ಣು ಕಿವಿಯಾಚೆ ಹೋಗಿತ್ತು,
ಬಾಯಿ ಹಾಳೆ ದಾಟಿ ಚಾಪೆಯ ಮೇಲೆ ನಗುತ್ತಿತ್ತು.
ಮಗನ ಕೈಯಲ್ಲಿ ಧುನ್‌ಮಾಯ್ ಮಾಂಜಾದ ಸಿಕ್ಕು.
ಆಕೆಯ ಹಾಳೆಯಲ್ಲಿ ನಾನು ಒಂದೇ ಗೆರೆ,
ಹಣೆಯಿಂದ ಹೊರಟು ಗದ್ದ ಸುತ್ತಿ
ಹೊರಟಲ್ಲಿಗೆ ಮರಳದೆ ನಿಂತದ್ದು.
"ನಿಮ್ಮ ಮುಖಕ್ಕೆ ಕದ ಹಾಕಲು ಮರೆತೆ" ಅಂದರು.

ಹಗ್ಗಕ್ಕೆ ಬಟ್ಟೆಕ್ಲಿಪ್ಪು ಹಾಕಿ ಮೂರನ್ನೂ ಸಿಕ್ಕಿಸಿದರು.
ಕೆಳಗೊಂದು ಚೀಟಿ: ಕುಟುಂಬದ ಹೆಸರು?
ಮಲ್ಹಾರ ಪೆನ್ನು ಕಚ್ಚಿ ನನ್ನನ್ನು ನೋಡಿ, ಆಕೆಯನ್ನು ನೋಡಿ,
"ಟಿಕೇಟು ನಂಬರ್ ೪೧೭" ಎಂದು ಬರೆದ.

ಮುಗಿದಾಗ ಅವರವರು ಬರೆದದ್ದು ಅವರವರಿಗೆ.
ನನ್ನ ಮುಖ ಸುರುಳಿ ಸುತ್ತಿಕೊಂಡು
ಗ್ರಾಂಟ್ ರೋಡಿನ ಬಸ್ಸು ಹತ್ತಿತು.
ಆಕೆ ಕಿಟಕಿಯಿಂದ ಅದನ್ನೇ ಬೀಸಿದರು.

ದಾದರಿನಲ್ಲಿ ಇಂಡಿಕೇಟರಿನ ಕೆಳಗೆ ಅವನ ತಾಯಿ.
ಮಗನ ಹಾಳೆ ಬಿಚ್ಚಿ, ತಲೆಕೆಳಗು ಮಾಡಿ,
ಯಾರಿದು ಎಂದು ಕೇಳಿದಳು.
"ನಮ್ಮ ಟಿಕೇಟಿನವರು" ಅಂದ.
ಅವಳು ನನ್ನತ್ತ ತಿರುಗಿ, ಕೆನ್ನೆಯಲ್ಲಿ ಇದ್ದಿಲಿದೆಯೆಂದು
ತನ್ನ ಕೆನ್ನೆ ಮುಟ್ಟಿ ತೋರಿಸಿದಳು.
ನಾನು ಒರೆಸಿಕೊಂಡದ್ದು ಇನ್ನೊಂದು ಬದಿ.
ಅಲ್ಲ, ಅಲ್ಲ ಎನ್ನುವಂತೆ ಮತ್ತೆ ಮುಟ್ಟಿಕೊಂಡಳು.
ಕಂದು ಕಣ್ಣು. ಎಡದ್ದು ಒಂಚೂರು ಹಸಿರು.

ಅಷ್ಟರಲ್ಲಿ ಸ್ಲೋ ಲೋಕಲ್ ಬಂತು.